ಒಂದೇ ರಾತ್ರಿ ಹುಟ್ಟಿದ ಆರುನೂರು ಪುಟಗಳು

2024ರ ಜೂನ್ ತಿಂಗಳ ಒಂದು ಶನಿವಾರ ರಾತ್ರಿ, ಕೋಲಾರದ ನಮ್ಮ ಕಚೇರಿಯಲ್ಲಿ ಕಾವಲುಗಾರನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಎರಡು ತಿಂಗಳಿಂದ ತಿದ್ದಿ ತೀಡಿದ್ದ ಒಂದು ಕಂಪ್ಯೂಟರ್ ಸ್ಕ್ರಿಪ್ಟನ್ನು ಓಡಿಸಿದೆ. ಹದಿಮೂರು ವರ್ಷಗಳಲ್ಲಿ ಕೂಡಿಬಂದಿದ್ದ ಆರುನೂರಕ್ಕೂ ಹೆಚ್ಚು ಪುಟಗಳು ಹತ್ತು ನಿಮಿಷದೊಳಗೆ, ನಮ್ಮವರೆಲ್ಲ ಸೇರಿ ಬರೆದು ತಿದ್ದುವ ಜಾಲಪುಟಗಳ ಸಂಗ್ರಹವಾದ ಹಳೆಯ ವಿಕಿಯಿಂದ ಹೊಸ ವಿಕಿಗೆ ಸಾಗಿದವು. ಎಣಿಸಿ ನೋಡಿದೆ, ಒಂದೂ ಕಡಿಮೆಯಿರಲಿಲ್ಲ. ಮಗಳ ಮದುವೆ ಮುಗಿಸಿದವನ ನೆಮ್ಮದಿಯಲ್ಲಿ ಮನೆಗೆ ಹೋದೆ. ಸೋಮವಾರ ಬೆಳಗ್ಗೆ ಏಳಕ್ಕೇ ಶ್ರೀನಿವಾಸಪುರದ ಶಾಖೆಯಿಂದ ಮೊದಲ ಫೋನ್ ಬಂತು: “ಸಾರ್, ನೀವು ಶನಿವಾರ ಬರೆದಿರೋ ಪುಟದಲ್ಲಿ ಸ್ಟಾರ್ಟರ್ ಕಾಯಿಲ್ ನಂಬರ್ ಕೊಟ್ಟಿದ್ದೀರಲ್ಲ, ಅದು ಹಳೇ ಮಾಡೆಲ್‌ಗೋ ಹೊಸದಕ್ಕೋ?” ನಾನು ಜನ್ಮದಲ್ಲಿ ಸ್ಟಾರ್ಟರ್ ಕಾಯಿಲ್ ಬಿಚ್ಚಿದವನಲ್ಲ.

ನಮ್ಮದು ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು, ಮೋಟಾರು, ಸ್ಟಾರ್ಟರ್ ಪ್ಯಾನೆಲ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡಿಕೊಡುವ ಕಂಪನಿ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಚಿಂತಾಮಣಿಗಳಲ್ಲಿ ಶಾಖೆಗಳಿವೆ. ಕೋಲಾರ ಎಂದೊಡನೆ ಹೊರಗಿನವರಿಗೆ ಚಿನ್ನದ ಗಣಿಯ ಆಳ ನೆನಪಾಗುತ್ತದೆ. ನಮಗೆ ನೆನಪಾಗುವುದು ಕೊಳವೆಬಾವಿಯ ಆಳ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯಲ್ಲಿ ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸುವುದನ್ನು ಜನ ಮಾಮೂಲಿ ಮಾತಿನಂತೆ ಆಡುತ್ತಾರೆ. ಅಷ್ಟು ಆಳದಲ್ಲಿ ಕೆಟ್ಟ ಮೋಟಾರನ್ನು ಮೇಲೆತ್ತಬೇಕಾದರೆ ಒಂದು ಗಾಡಿ, ನಾಲ್ಕು ಆಳು, ಇಡೀ ದಿನ ಬೇಕು. ಆದ್ದರಿಂದ ಎತ್ತುವ ಮೊದಲೇ, ಮೇಲೆ ನಿಂತು, ಸ್ಟಾರ್ಟರ್ ಪೆಟ್ಟಿಗೆಯ ಮುಂದೆಯೇ ರೋಗ ಯಾವುದೆಂದು ಹೇಳಬಲ್ಲವನೇ ನಮ್ಮಲ್ಲಿ ಮೇಸ್ತ್ರಿ. ಅಂಥ ಮೇಸ್ತ್ರಿಗಳ ತಲೆಯಲ್ಲಿದ್ದುದನ್ನು ಬರೆದಿಡಬೇಕೆಂದು 2011ರಲ್ಲಿ ಆಗಿನ ಮ್ಯಾನೇಜರ್ ಒಬ್ಬರು ಹಟ ಹಿಡಿದು ಡೋಕುವಿಕಿ ಎಂಬ ಆ ಹಳೆಯ ವಿಕಿಯನ್ನು ಹಾಕಿಸಿದ್ದರು.

ಡೋಕುವಿಕಿಯ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಆಂಡ್ರಿಯಾಸ್ ಗೋರ್ ಎಂಬವರು 2004ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಡೇಟಾಬೇಸ್ ಬೇಕಿಲ್ಲ. ಪ್ರತಿಯೊಂದು ಪುಟವೂ ಫೋಲ್ಡರಿನಲ್ಲಿ ಕೂತಿರುವ ಒಂದು ಸಾದಾ ಪಠ್ಯ ಕಡತ, ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ಅಕೌಂಟ್ಸ್ ವಿಭಾಗದ ಮೇಜಿನ ಕೆಳಗೆ ದೂಳು ಕುಡಿಯುತ್ತಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ಅದು ಹದಿಮೂರು ವರ್ಷ ಓಡಿತು. ಆದರೆ ಮೊಬೈಲಿನಲ್ಲಿ ಓದುವುದು ಕಷ್ಟವಿತ್ತು. ದಪ್ಪ ಅಕ್ಷರ ಬೇಕಾದರೆ ಎರಡು ನಕ್ಷತ್ರ ಹಾಕಬೇಕೆಂಬುದನ್ನು ಮೆಕ್ಯಾನಿಕ್‌ಗಳಿಗೆ ಎಷ್ಟು ಸಲ ಹೇಳಿಕೊಟ್ಟರೂ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ 2024ರ ಫೆಬ್ರವರಿಯಿಂದ ಕಟಕಟ ಎನ್ನಲು ಶುರುಮಾಡಿತ್ತು.

ಹೊಸದು ಯಾವುದಾಗಬೇಕೆಂಬ ಚರ್ಚೆ ಹೆಚ್ಚು ದಿನ ನಡೆಯಲಿಲ್ಲ. ಇದೇ ಕೆಲಸಕ್ಕೆ ದುಡ್ಡಿಗೆ ಸಿಗುವ ಕಾನ್‌ಫ್ಲುಯೆನ್ಸ್ ಎಂಬ ತಂತ್ರಾಂಶ ನೋಡಿದೆವು. ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದಾಗಿದ್ದ ಅದರ ಸರ್ವರ್ ಆವೃತ್ತಿಗೆ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಂತಿತ್ತು, ಕ್ಲೌಡಿನದಕ್ಕೆ ತಲೆಗಿಷ್ಟು ಎಂದು ತಿಂಗಳ ಲೆಕ್ಕ. ವರ್ಷಕ್ಕೆ ಎರಡು ಸಲ ತೆರೆಯುವ ಮೆಕ್ಯಾನಿಕ್‌ನ ತಲೆಗೂ ಅಷ್ಟೇ ದುಡ್ಡೇ ಎಂದು ನಮ್ಮ ಮಾಲೀಕರು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಕೊನೆಗೆ ಆರಿಸಿದ್ದು ಬುಕ್‌ಸ್ಟ್ಯಾಕ್. ಡ್ಯಾನ್ ಬ್ರೌನ್ ಎಂಬ ತಂತ್ರಾಂಶಕಾರ 2015ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ಎಲ್ಲವೂ ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ನಾಲ್ಕು ಹಂತದಲ್ಲಿ ಕೂರುತ್ತವೆ. ಡೋಕುವಿಕಿಯಲ್ಲಿ ಪುಟಗಳನ್ನು ಗುಂಪು ಮಾಡುವ ನೇಮ್‌ಸ್ಪೇಸ್ ಎಂದರೇನೆಂದು ಹದಿಮೂರು ವರ್ಷದಲ್ಲಿ ಅರ್ಥವಾಗದವರಿಗೆ ‘ಸ್ಟಾರ್ಟರ್ ಪುಸ್ತಕದ ಮೂರನೇ ಅಧ್ಯಾಯ’ ಎಂದರೆ ಒಂದೇ ಸಲಕ್ಕೆ ಅರ್ಥವಾಯಿತು.

ವಿಕಿ ಎಂಬ ಹೆಸರಿನ ಹುಟ್ಟನ್ನು ನಾನು ತರಬೇತಿಯ ದಿನ ಎಲ್ಲರಿಗೂ ಹೇಳಿದ್ದೆ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಅಂತರಜಾಲಕ್ಕೆ ಬಿಟ್ಟಾಗ, ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನು ನೆನೆದು ಅದಕ್ಕೆ ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ‘ವಿಕಿ ವಿಕಿ’ ಎಂದರೆ ಬೇಗ ಬೇಗ. “ನಮ್ದು ಕೆಂಪು ಬಸ್ಸು ಸಾರ್” ಎಂದ ಚಿಂತಾಮಣಿಯ ಒಬ್ಬ. ಹಳೆಯ ವಿಕಿಯ ವೇಗಕ್ಕೆ ಕೆಂಪು ಬಸ್ಸೆಂಬ ಆ ಹೆಸರು ಸರಿಯಾಗಿಯೇ ಇತ್ತು.

ಸಾಗಿಸುವ ಕೆಲಸದ ತಾಂತ್ರಿಕ ಭಾಗ ಬೇಸರ ತರುವಂಥದ್ದು, ಆದರೆ ಕಠಿಣವಲ್ಲ. ಪಾಂಡಾಕ್ ಎಂಬ ಉಪಕರಣ ಡೋಕುವಿಕಿಯ ಬರಹವನ್ನು ಓದಿ ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಮಾಡಿಕೊಡುತ್ತದೆ. ಅದನ್ನು ಬುಕ್‌ಸ್ಟ್ಯಾಕಿನ ಎಪಿಐ (ಬೇರೆ ಪ್ರೋಗ್ರಾಂಗಳಿಗೆಂದು ಇರುವ ಬಾಗಿಲು) ಮೂಲಕ ಒಂದೊಂದಾಗಿ ಒಳಗೆ ತಳ್ಳಬೇಕು. ಮುರಿದುಬಿದ್ದ ಒಳಕೊಂಡಿಗಳನ್ನು ಎರಡನೆಯ ಸುತ್ತಿನಲ್ಲಿ ಜೋಡಿಸಬೇಕು. ಇಲ್ಲಿ ಎರಡು ಸಂಗತಿಗಳು ಮಾತ್ರ ನನ್ನನ್ನು ಕೆಲವು ದಿನ ಹಿಡಿದು ನಿಲ್ಲಿಸಿದವು, ಎರಡೂ ಕನ್ನಡಕ್ಕೆ ಸಂಬಂಧಿಸಿದವು.

ಮೊದಲನೆಯದು ಪುಟಗಳ ಹೆಸರು. ಹಳೆಯ ವಿಕಿಯಲ್ಲಿ ಹೆಸರುಗಳೆಲ್ಲ ಮುರುಟಿಕೊಂಡಂತಿದ್ದವು: ‘ಮೋ. ಎತ್ತು’, ‘ಕೇ. ಜಾಯಿಂಟ್’, ‘ಪ್ಯಾ. ವೈರ್ 2’. ಬರೆದವರ ಸೋಮಾರಿತನ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಫೋಲ್ಡರನ್ನು ತೆರೆದು ನೋಡಿದಾಗ ನಿಜ ಗೊತ್ತಾಯಿತು. ಡೋಕುವಿಕಿ ಕನ್ನಡದ ಹೆಸರನ್ನು ಕಡತದ ಹೆಸರಾಗಿ ಬರೆಯುವಾಗ ಅದನ್ನು ಶೇಕಡಾ ಚಿಹ್ನೆಗಳ ಸಂಕೇತಕ್ಕೆ ತಿರುಗಿಸುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ಪದ್ಧತಿ ಯೂನಿಕೋಡ್, ಅದರ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು, ಆ ಒಂದೊಂದು ಬೈಟಿಗೂ ಸಂಕೇತದಲ್ಲಿ ಮೂರು ಅಕ್ಷರ. ಹಾಗಾಗಿ ಒಂದು ಚಿಹ್ನೆಗೆ ಒಂಬತ್ತು. ‘ಕೊಳವೆಬಾವಿ’ ಎಂಬ ಪದದಲ್ಲಿ ಸ್ವರಚಿಹ್ನೆಗಳೂ ಸೇರಿ ಒಂಬತ್ತು ಚಿಹ್ನೆಗಳಿವೆ, ಅದೊಂದೇ 81 ಜಾಗ ತಿನ್ನುತ್ತದೆ. ಲಿನಕ್ಸಿನಲ್ಲಿ ಕಡತದ ಹೆಸರಿಗೆ ಇರುವ ಮಿತಿ 255 ಬೈಟು, ಕೊನೆಯ ‘.txt’ಗೇ ನಾಲ್ಕು ಹೋಗುತ್ತದೆ. ಅಂದರೆ ಇಪ್ಪತ್ತೇಳು ಚಿಹ್ನೆ ದಾಟಿದ ಹೆಸರಿನ ಪುಟ ಉಳಿಯುವುದೇ ಇಲ್ಲ. ‘ಕೊಳವೆಬಾವಿಯಿಂದ ಮೋಟಾರ್ ಎತ್ತುವಾಗ ವಹಿಸಬೇಕಾದ ಎಚ್ಚರಿಕೆಗಳು’ ಎಂದು ಯಾರೋ ಒಬ್ಬರು ಒಂದು ದಿನ ಶ್ರದ್ಧೆಯಿಂದ ಬರೆದು, ಉಳಿಸಲು ಹೋಗಿ, ಬರೆದದ್ದೆಲ್ಲ ಕಳೆದುಕೊಂಡು, ಮತ್ತೆ ಕೂತು ‘ಮೋ. ಎತ್ತು’ ಎಂದು ಬರೆದಿರಬೇಕು. ಕಾರಣ ಯಾರೂ ಹುಡುಕಲಿಲ್ಲ. ಉದ್ದ ಹೆಸರಿಟ್ಟರೆ ಹೋಗುತ್ತದೆ, ಚಿಕ್ಕದಿಡು ಎಂಬ ಮಾತು ಒಬ್ಬರಿಂದೊಬ್ಬರಿಗೆ ದಾಟಿತು. ಸೆಟ್ಟಿಂಗಿನಲ್ಲಿ ಒಂದು ಪದ ಬದಲಿಸಿದ್ದರೆ ಹೆಸರುಗಳು ನೇರ ಯೂನಿಕೋಡಿನಲ್ಲೇ ಉಳಿದು ಮಿತಿ ಮೂರುಪಟ್ಟು ಆಗುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆ ವಿಕಿಯ ಕೊನೆಯ ತಿಂಗಳಿನಲ್ಲಿ.

ಎರಡನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಗಳ ಕಾಟ. ಆರಂಭದ ವರ್ಷಗಳಲ್ಲಿ ಕಚೇರಿಯ ಟೈಪಿಸ್ಟ್ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ, ವರ್ಡ್ ಕಡತಗಳನ್ನು ಮಾಡಿ ಪುಟಗಳಿಗೆ ಅಂಟಿಸುತ್ತಿದ್ದರು. ಅಂಥ ಬರಹ ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಪರಿವರ್ತಕಗಳು ಸಿಗುತ್ತವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಕನ್ನಡದ ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲೇ ಇದ್ದ ಪದ ಯಾವುದು, ಇಂಗ್ಲಿಷಿನ ವೇಷದಲ್ಲಿರುವ ಕನ್ನಡ ಯಾವುದು ಎಂದು ಅವುಗಳಿಗೆ ತಿಳಿಯುವುದಿಲ್ಲ. ಇಂಗ್ಲಿಷಿನ ಎಚ್ ನುಡಿಯಲ್ಲಿ ಊ, ಪಿ ಎಂದರೆ ಕ್. ಹೀಗಾಗಿ ನಮ್ಮ ಏಳೂವರೆ ಎಚ್‌ಪಿ ಮೋಟಾರುಗಳೆಲ್ಲ ಪರಿವರ್ತನೆಯಾಗಿ ಬಂದಾಗ ‘7.5 ಊಕ್’ ಮೋಟಾರುಗಳಾಗಿದ್ದವು. ಬಿಡಿಭಾಗಗಳ ಸಂಖ್ಯೆಗಳದ್ದೂ ಅದೇ ಗತಿ. ಆ ಸಂಖ್ಯೆಗಳನ್ನು ಹಳೆಯ ಬಿಲ್ಲುಗಳ ಜೊತೆ ಹೋಲಿಸಿ ಕೈಯಿಂದಲೇ ತಿದ್ದಿದೆ, ಒಂದು ವಾರ ಹಿಡಿಯಿತು. ಒಂದೆರಡು ಕಡೆ ಊಕ್ ಉಳಿದುಹೋಗಿ, ಮಾಲೂರಿನ ಹುಡುಗರು ಈಗ ಹತ್ತು ಊಕ್, ಹದಿನೈದು ಊಕ್ ಎಂದೇ ಮಾತಾಡುತ್ತಾರೆ.

ಈ ಎರಡನ್ನೂ ಗೆದ್ದ ಖುಷಿಯಲ್ಲಿ ನಾನು ಮೂರನೆಯದನ್ನು ನೋಡಲೇ ಇಲ್ಲ. ಎಪಿಐ ಮೂಲಕ ಒಳಬಂದ ಪುಟಕ್ಕೆ ಹೊಸ ವಿಕಿ ತನ್ನದೇ ಲೆಕ್ಕದಲ್ಲಿ ಜಾತಕ ಬರೆಯುತ್ತದೆ: ಹುಟ್ಟಿದ ದಿನ ಎಂದರೆ ಒಳಬಂದ ದಿನ, ಬರೆದವರು ಎಂದರೆ ಯಾರ ಟೋಕನ್ (ಪ್ರವೇಶದ ಗುಪ್ತ ಸಂಕೇತ) ಬಳಸಿ ತಳ್ಳಲಾಯಿತೋ ಅವರು. ಆರುನೂರು ಪುಟಗಳ ಕೆಳಗೂ ನನ್ನ ಹೆಸರು, ಆ ಶನಿವಾರದ ತಾರೀಖು. 2012ರಲ್ಲಿ ಬರೆದದ್ದೂ, ಅದರ ಹಿಂದಿನ ವಾರ ಬರೆದದ್ದೂ ಒಂದೇ ವಯಸ್ಸಿನವಾಗಿ ಸಾಲಾಗಿ ನಿಂತಿದ್ದವು. ಫೋನುಗಳು ಬಂದದ್ದು ಆ ಕಾರಣಕ್ಕೆ. ಮೊದಲ ವಾರ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡೆ, ಮೇಸ್ತ್ರಿ ಎಂದು ಕರೆಸಿಕೊಂಡೂ ಬಿಟ್ಟೆ.

ಜುಲೈ ಎರಡನೆಯ ವಾರದಲ್ಲಿ ತಮಾಷೆ ಮುಗಿಯಿತು. ನರಸಾಪುರದ ಕಡೆಯ ಒಂದು ಹಳ್ಳಿಯಲ್ಲಿ, ಲಕ್ಷ್ಮೀಸಾಗರ ಕೆರೆಗೆ ಹತ್ತಿರದ ತೋಟಕ್ಕೆ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಒಬ್ಬ ಹುಡುಗ ಹೊಸ ಪಂಪು ಆರಿಸಬೇಕಾಗಿತ್ತು. ವಿಕಿಯಲ್ಲಿ ಹುಡುಕಿದ. ಆ ಸುತ್ತಿನ ಊರುಗಳ ಹೆಸರನ್ನೇ ಹಾಕಿ, ಇಲ್ಲಿ ಸಾವಿರದ ಇನ್ನೂರು ಅಡಿ ಹೆಡ್ಡಿಗೆ (ನೀರು ಎತ್ತುವ ಎತ್ತರಕ್ಕೆ) ಕಡಿಮೆಯ ಪಂಪು ಕೊಡಬೇಡಿ ಎಂದು ಖಚಿತವಾಗಿ ಬರೆದ ಪುಟ ಸಿಕ್ಕಿತು. ತಾರೀಖು ನೋಡಿದ, ಹೋದ ತಿಂಗಳದ್ದು. ಅಷ್ಟು ಎತ್ತರಕ್ಕೆ ಬೇಕಾದಷ್ಟು ಸ್ಟೇಜಿನ, ಅಂದರೆ ನೀರು ತಳ್ಳುವ ಚಕ್ರಗಳ, ಪಂಪನ್ನೇ ಇಳಿಸಿದ. ಆ ಪುಟ ಬರೆದದ್ದು 2016ರಲ್ಲಿ. 2018ರ ಜೂನ್ ತಿಂಗಳಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಮೊದಲು ಬಂದು ಸೇರಿದ ಕೆರೆಯೇ ಲಕ್ಷ್ಮೀಸಾಗರ. ಆ ನೀರಿನ ಗುಣದ ಬಗ್ಗೆ ಜಗಳಗಳು ಏನೇ ಇರಲಿ, ಆ ಕೆರೆಯ ಸುತ್ತ ನಾವು ಪಂಪು ಇಳಿಸುವ ಬಾವಿಗಳಲ್ಲಿ ನೀರು ನೂರಾರು ಅಡಿ ಮೇಲೆ ಬಂದಿದೆ. ನಮ್ಮ ಜಾಬ್ ಕಾರ್ಡುಗಳೇ ಅದನ್ನು ಹೇಳುತ್ತವೆ. ನೀರು ಮೇಲೆ ಬಂದಿತ್ತು, ಪುಟ ಮಾತ್ರ ಪಾತಾಳದಲ್ಲೇ ಇತ್ತು.

ಸಾವಿರದ ಇನ್ನೂರು ಅಡಿ ಎತ್ತಲೆಂದು ಮಾಡಿದ ಪಂಪನ್ನು ನಾನೂರು ಅಡಿಯಲ್ಲಿ ನಿಂತ ನೀರಿಗೆ ಹಾಕಿದರೆ ಅದು ಸುಮ್ಮನೆ ಆರಾಮವಾಗಿ ಓಡುವುದಿಲ್ಲ. ಎದುರು ಒತ್ತಡ ಇಲ್ಲದೆ ಅಳತೆಗಿಂತ ಹೆಚ್ಚು ನೀರು ಎಸೆಯುತ್ತದೆ, ಮೋಟಾರ್ ಹೆಚ್ಚು ಕರೆಂಟು ಎಳೆಯುತ್ತದೆ, ಓವರ್‌ಲೋಡ್ ರಿಲೇ ಬಿದ್ದು ಮೋಟಾರನ್ನು ನಿಲ್ಲಿಸುತ್ತದೆ. ಆ ಹುಡುಗ ಮಾತ್ರ ರಿಲೇ ಬಿದ್ದದ್ದನ್ನು ನೋಡಿ, ವಿಕಿಯ ಇನ್ನೊಂದು ಪುಟ ಹೇಳಿದಂತೆ ಮೋಟಾರಿನದೇ ದೋಷ ಎಂದು ಒಮ್ಮೆ ಎತ್ತಿದ, ಏನೂ ಸಿಗದೆ ಮತ್ತೆ ಇಳಿಸಿದ, ಮತ್ತೆ ಬಿತ್ತು. ಎರಡು ದಿನದ ಗಾಡಿ ಬಾಡಿಗೆ, ರೈತನ ಬೈಗುಳ, ಮತ್ತು ಆ ವಾರ ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ಮೂರು ಫೇಸ್ ಕರೆಂಟಿಗಾಗಿ ಅವನು ಪಂಪ್‌ಹೌಸಿನಲ್ಲಿ ಕಾದ ಎರಡು ಇರುಳು. ಕೊನೆಗೆ ನನಗೆ ಫೋನ್ ಮಾಡಿದ, ಬರೆದವನು ನಾನಲ್ಲವೆ! ನಾನು ಕೋಲಾರದ ವರ್ಕ್‌ಶಾಪಿನ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ನೀರು ಎಷ್ಟರಲ್ಲಿದೆ ಎಂದು. ಉತ್ತರ ಕೇಳಿ, “ಗೇಟ್‌ವಾಲ್ವ್ ಅರ್ಧ ಮುಚ್ಚು, ಆಂಪಿಯರ್ ನೋಡ್ತಾ ಇರು, ಇಳಿಯುತ್ತೆ” ಎಂದರು. ಇಳಿಯಿತು. ಮುಂದಿನ ವಾರ ಕಡಿಮೆ ಸ್ಟೇಜಿನ ಪಂಪನ್ನು ನಮ್ಮ ಖರ್ಚಿನಲ್ಲಿ ಹಾಕಿಕೊಟ್ಟೆವು.

ಹುಡುಗನ ತಪ್ಪು ಎನ್ನಲು ಎಷ್ಟು ಯೋಚಿಸಿದರೂ ನನಗೆ ಆಗಲಿಲ್ಲ. ನೀರಿನ ಮಟ್ಟ ಅಳೆಯದೆ ಪಂಪು ಆರಿಸಿದ್ದು ಸರಿಯಲ್ಲ, ನಿಜ. ಆದರೆ ಹಳೆಯ ವಿಕಿಯಲ್ಲಿ ಆ ಪುಟದ ಕೆಳಗೆ 2016 ಎಂದು ಇರುತ್ತಿತ್ತು, ಪಕ್ಕದಲ್ಲಿ ಬರೆದವರ ಹೆಸರಿರುತ್ತಿತ್ತು. ಆ ಹೆಸರಿನವರು ನಿವೃತ್ತರಾಗಿದ್ದಾರೆ ಎಂಬುದಷ್ಟೇ ಸಾಕಿತ್ತು, ಅವನು ಒಮ್ಮೆ ಅನುಮಾನಿಸಲು. ಅನುಮಾನಕ್ಕೆ ಇದ್ದ ಆ ಎರಡು ದಾರಗಳನ್ನೂ ನಾನು ಕತ್ತರಿಸಿ, ಮಾಸಿದ್ದಕ್ಕೆಲ್ಲ ಹೊಸ ಬಣ್ಣ ಹಚ್ಚಿ ಅವನ ಕೈಗೆ ಕೊಟ್ಟಿದ್ದೆ.

ಅದೃಷ್ಟಕ್ಕೆ ಡೋಕುವಿಕಿ ಏನನ್ನೂ ಬಿಸಾಡುವ ಸ್ವಭಾವದ್ದಲ್ಲ. ಅದರ ಫೋಲ್ಡರುಗಳಲ್ಲಿ ಒಂದರ ಹೆಸರು ಆ್ಯಟಿಕ್, ಅಂದರೆ ಅಟ್ಟ. ನಮ್ಮ ಮನೆಗಳ ಅಟ್ಟದಂತೆಯೇ, ಬದಲಾದ ಪ್ರತಿ ಪುಟದ ಹಳೆಯ ರೂಪಗಳನ್ನೆಲ್ಲ ಹೊಸಕಿ ಮಡಿಚಿ ಅಲ್ಲಿ ಎಸೆದಿರುತ್ತದೆ. ಇನ್ನೊಂದು ಫೋಲ್ಡರಿನಲ್ಲಿ ಪ್ರತಿ ಪುಟಕ್ಕೂ ಒಂದು ಬದಲಾವಣೆಯ ಕಡತ. ಒಂದೊಂದು ತಿದ್ದುಪಡಿಗೂ ಅದರಲ್ಲಿ ಒಂದು ಸಾಲು: ಹೊತ್ತು, ಯಾವ ಕಂಪ್ಯೂಟರಿನಿಂದ, ಹೊಸದೋ ತಿದ್ದುಪಡಿಯೋ, ಯಾರ ಲಾಗಿನ್, ಏನು ಕಾರಣ. ಹೊತ್ತನ್ನು ಅದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆಯುತ್ತದೆ. ಆ ಸಾವಿರದ ಇನ್ನೂರು ಅಡಿಯ ಪುಟದ ಮೊದಲ ಸಾಲಿನಲ್ಲಿದ್ದ ಸಂಖ್ಯೆ 1456808400. ಲೆಕ್ಕ ಹಾಕಿದರೆ 2016ರ ಮಾರ್ಚ್ 1, ಮಂಗಳವಾರ, ಬೆಳಗ್ಗೆ ಹತ್ತೂವರೆ. ಬೇಸಗೆ ಶುರುವಾಗುತ್ತಿದ್ದ ದಿನ, ಕೆರೆಗಳೆಲ್ಲ ಒಣಗಿದ್ದ ಕಾಲ. ಅವತ್ತಿಗೆ ಆ ಪುಟ ಅಕ್ಷರಶಃ ಸತ್ಯವಾಗಿತ್ತು.

ಇನ್ನೊಂದು ಸ್ಕ್ರಿಪ್ಟ್ ಬರೆದೆ. ಪ್ರತಿ ಪುಟದ ನೆತ್ತಿಯ ಮೇಲೆ, ಮಾತು ಶುರುವಾಗುವ ಮೊದಲೇ ಕಾಣುವಂತೆ, ಮೊದಲು ಬರೆದವರು ಯಾರು, ಯಾವಾಗ, ಕೊನೆಯ ಸಲ ತಿದ್ದಿದ್ದು ಯಾವಾಗ ಎಂಬ ಸಾಲುಗಳು ಬಂದವು. ಅವುಗಳ ಕೆಳಗೆ ‘ಈಗಲೂ ಸರಿಯೆಂದು ನೋಡಿದವರು’ ಎಂಬ ಇನ್ನೊಂದು ಸಾಲನ್ನು ಖಾಲಿ ಬಿಟ್ಟೆ. ಇದೇ ಸುತ್ತಿನಲ್ಲಿ ಹುಡುಕಾಟವನ್ನೂ ಸ್ವಲ್ಪ ಸರಿಪಡಿಸಿದೆ. ‘ಮೋಟಾರ್’ ಎಂದು ಅರ್ಧಾಕ್ಷರದಲ್ಲಿ ಮುಗಿಸಿ ಹುಡುಕಿದರೆ ‘ಮೋಟಾರಿನ’, ‘ಮೋಟಾರನ್ನು’ ಇರುವ ಪುಟಗಳು ಬರುವುದಿಲ್ಲ, ಅರ್ಧಾಕ್ಷರ ಬಿಟ್ಟು ‘ಮೋಟಾರ’ ಎಂದರೆ ಎಲ್ಲವೂ ಬರುತ್ತವೆ. ಗೇಟ್‌ವಾಲ್ವ್ ಎಂಬ ಪದದ ನಡುವೆ, ಟ ಕೆಳಗೆ ವ ಒತ್ತಾಗಿ ಕೂರದಂತೆ ತಡೆಯಲು, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಕೆಲವರ ಮೊಬೈಲ್ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ, ಹುಡುಕುವ ಯಂತ್ರಕ್ಕೆ ಅವೆರಡೂ ಬೇರೆ ಪದಗಳು. ಅಂಥವುಗಳಿಗೆ ಎರಡೂ ರೂಪಗಳನ್ನು ಟ್ಯಾಗ್ ಹಾಕಿದೆ.

ಖಾಲಿ ಸಾಲು ತುಂಬಿಸುವುದೇ ದೊಡ್ಡ ಕೆಲಸವಾಯಿತು. ಪಟ್ಟಿ ಮಾಡಿದಾಗ ಒಬ್ಬರ ಲಾಗಿನ್‌ನಲ್ಲೇ ನಲವತ್ತೊಂದು ಪುಟಗಳಿದ್ದವು. ಆ 2016ರ ಪುಟವೂ ಅವರದೇ. ನಿವೃತ್ತರಾಗಿ ಶ್ರೀನಿವಾಸಪುರದ ಹತ್ತಿರ ತಮ್ಮ ಮಾವಿನ ತೋಟ ನೋಡಿಕೊಂಡಿರುವ ಮೇಸ್ತ್ರಿ. ಅಷ್ಟನ್ನೂ ಮುದ್ರಿಸಿಕೊಂಡು ಒಂದು ಭಾನುವಾರ ಹೋದೆ. ಅವರು ಜಗಲಿಯ ಮೇಲೆ ಕೂತು, ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ, ಒಂದೊಂದೇ ಹಾಳೆ ಓದುತ್ತ ಎರಡು ಗುಡ್ಡೆ ಮಾಡತೊಡಗಿದರು. ಸರಿ ಒಂದು ಕಡೆ, ತಪ್ಪು ಇನ್ನೊಂದು ಕಡೆ ಎಂದು ನಾನು ತಿಳಿದೆ. ಅರ್ಧ ಮುಗಿದ ಮೇಲೆ ಕೇಳಿದರೆ, “ಇದು ನಾನು ಬರೆದದ್ದು, ಅದು ನಾನು ಬರೆದದ್ದಲ್ಲ” ಎಂದರು.

ಅವರಿದ್ದ ಮುಳಬಾಗಿಲು ಶಾಖೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಗ್ಗೆ ಬಂದವರು ಯಾರೋ ಅವರ ಹೆಸರಿನಲ್ಲಿ ಲಾಗಿನ್ ಆಗಿಬಿಟ್ಟರೆ ಸಂಜೆಯವರೆಗೂ ಎಲ್ಲರೂ ಅದರಲ್ಲೇ ಬರೆಯುತ್ತಿದ್ದರು. ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿತ್ತಂತೆ. ನಾನು ಅಟ್ಟದಿಂದ ಅಷ್ಟು ಹೆಮ್ಮೆಯಿಂದ ಇಳಿಸಿ ತಂದ ಹೆಸರುಗಳಲ್ಲಿ ಅರ್ಧಕ್ಕರ್ಧ ಸುಳ್ಳು. ಮೇಸ್ತ್ರಿ ಮಾತ್ರ ಬರಹ ನೋಡಿಯೇ ಆಸಾಮಿಯನ್ನು ಹೇಳುತ್ತಿದ್ದರು: ಇವನು ವೈರಿಗೆ ತಂತಿ ಅಂತಾನೆ, ಇವನಿಗೆ ಎಲ್ಲ ಸಾಲಿನ ಕೊನೆಗೂ ‘ಜೋಪಾನ’ ಅಂತ ಸೇರಿಸೋ ಚಟ, ಇದು ನೋಡು, ಅಡಿ ಬಿಟ್ಟು ಮೀಟರಿನಲ್ಲಿ ಬರೆದಿದೆ, ಐಟಿಐ ಮುಗಿಸಿ ಬಂದಿದ್ದ ಆ ಹುಡುಗನದ್ದೇ. ನಲವತ್ತೊಂದರಲ್ಲಿ ಹದಿನೇಳನ್ನು ತಮ್ಮದೆಂದು ಒಪ್ಪಿಕೊಂಡರು. 2016ರ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಅಳಿಸಬೇಡ, ಮೇಲೆ ‘ಕೆರೆಗೆ ನೀರು ಬರುವ ಮೊದಲು’ ಎಂದು ಸೇರಿಸು ಎಂದರು. ಹಾಗೆಯೇ ಸೇರಿಸಿದೆ.

ತಂತಿ ಎಂದು ಬರೆಯುವವನ ಫೋನ್ ನಂಬರನ್ನೂ ಅವರೇ ಕೊಟ್ಟರು. ಕಂಪನಿ ಬಿಟ್ಟು ಏಳೆಂಟು ವರ್ಷವಾಗಿ, ಈಗ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಅವನು ಬರೆದದ್ದು ಕೇಬಲ್ ಜಾಯಿಂಟಿನ ಪುಟ, ನಮ್ಮಲ್ಲಿ ಅತಿ ಹೆಚ್ಚು ತೆರೆಯುವ ಪುಟಗಳಲ್ಲಿ ಒಂದು. ನಾನು ಯಾರು, ಏಕೆ ಫೋನ್ ಮಾಡಿದೆ ಎಂದೆಲ್ಲ ಹೇಳಿ ಮುಗಿಸುವ ಮೊದಲೇ ಅವನು ಕೇಳಿದ:

“ಆ ಪುಟ ಇನ್ನೂ ಇದೆಯಾ ಸಾರ್? ಅದರಲ್ಲಿ ಮೂರನೇ ಸಾಲು ತಪ್ಪು. ಜಾಯಿಂಟ್ ಸುತ್ತಿದ ತಕ್ಷಣ ಮೆಗ್ಗರ್ ಹಾಕಿ ಇನ್ಸುಲೇಶನ್ ನೋಡಿ ಅಂತ ಬರೆದುಬಿಟ್ಟಿದ್ದೀನಿ. ಹಾಗಲ್ಲ, ಜಾಯಿಂಟನ್ನ ಬಕೆಟ್ ನೀರಲ್ಲಿ ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ನೀರಲ್ಲಿರೋವಾಗಲೇ ಹಾಕಬೇಕು. ಒಣಗಿದ್ದಾಗ ಕೆಟ್ಟ ಜಾಯಿಂಟೂ ಚೆನ್ನಾಗೇ ತೋರಿಸುತ್ತೆ.”

ಗೊತ್ತಿದ್ದರೆ ಆಗಲೇ ಏಕೆ ತಿದ್ದಲಿಲ್ಲ ಎಂದು ಕೇಳಿದೆ.

“ಮಾರನೇ ದಿನವೇ ಗೊತ್ತಾಯ್ತು ಸಾರ್. ಆದ್ರೆ ಪುಟ ಮೇಸ್ತ್ರಿ ಹೆಸರಲ್ಲಿತ್ತಲ್ಲ. ಅವರದ್ದನ್ನ ನಾನು ತಿದ್ದಿದ ಹಾಗೆ ಆಗುತ್ತೆ ಅಂತ ಬಿಟ್ಟೆ.”